ಮನೆಗೆ ಮರಳದ ಸಂತ ಫ್ರಾನ್ಸಿಸ್ ಕ್ಸೇವಿಯರ್

ಡಿಸೆಂಬರ್ 3ರಂದು ಧರ್ಮಸಭೆಯು ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಹಬ್ಬವನ್ನು ಆಚರಿಸುತ್ತದೆ. ಕರಾವಳಿಯ ಕ್ರೈಸ್ತರಾದ ನಮಗೆ ಈ ಸಂತರು ಹೊಸಬರಲ್ಲ. ಕೊಂಕಣಿಯಲ್ಲಿ ಅವರನ್ನು ಗೊಂಯ್ಚೊ ಸಾಯ್ಬ್, ಅಂದರೆ ಗೋವೆಯ ಒಡೆಯ ಎಂದು ಪ್ರೀತಿಯಿಂದ ಕರೆಯುತ್ತೇವೆ. ನಮ್ಮ ಮನೆತನಗಳಲ್ಲಿ ಅವರ ಹೆಸರು ಹೊತ್ತ ಗಂಡುಮಕ್ಕಳು ಬಹಳ. ಹಳೆ ಗೋವೆಯ ಬೊಂ ಜೇಸುಸ್ ಬೆಸಿಲಿಕಾಕ್ಕೆ ಯಾತ್ರೆ ಹೋಗಿ ಬಂದವರು ಪ್ರತಿಯೊಂದು ಚರ್ಚಿನಲ್ಲೂ ಸಿಗುತ್ತಾರೆ. 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಅವರ ಪವಿತ್ರ ಶರೀರವನ್ನು ಸಾರ್ವಜನಿಕ ದರ್ಶನಕ್ಕೆ ಇಟ್ಟಾಗ ನಮ್ಮ ಕಡೆಯಿಂದಲೂ ಜನ ಗೋವೆಗೆ ಹೋಗಿದ್ದರು.

ಅವರ ಪವಾಡಗಳ ಕಥೆಗಳನ್ನು ನಾವು ಚಿಕ್ಕಂದಿನಿಂದಲೇ ಕೇಳಿದ್ದೇವೆ. ಅವರು ದಾಟಿದ ಸಮುದ್ರಗಳು, ನೀಡಿದ ಜ್ಞಾನಸ್ನಾನಗಳು, ಕಟ್ಟಿದ ಸಭೆಗಳ ವಿಷಯವನ್ನು ಪ್ರಸಂಗಗಳಲ್ಲಿ ಕೇಳಿದ್ದೇವೆ. ಆದರೆ ಈ ಸಂತರ ಬದುಕಿಗೆ ಇನ್ನೊಂದು ಮುಖವಿದೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮನೆ ಬಿಟ್ಟ ಫ್ರಾನ್ಸಿಸರು ಆ ಮನೆಯನ್ನು ಮತ್ತೆ ಕಾಣಲಿಲ್ಲ. ಮೂವತ್ತೈದನೆಯ ವಯಸ್ಸಿನಲ್ಲಿ ಯುರೋಪ್ ಬಿಟ್ಟವರು ಆ ಖಂಡವನ್ನೂ ಮತ್ತೆ ಕಾಣಲಿಲ್ಲ. ದೂರದ ನೆಲದಲ್ಲಿ ಅವರಿಗೆ ತಮ್ಮವರ ನೆನಪು ಬಹಳವಾಗಿ ಕಾಡಿತು. ಅದನ್ನು ಅವರು ಮುಚ್ಚಿಡಲೂ ಇಲ್ಲ. ಅವರ ಪತ್ರಗಳಲ್ಲಿ ಅದು ತುಂಬಿಕೊಂಡಿದೆ. ಮಕ್ಕಳನ್ನು, ಗಂಡಂದಿರನ್ನು ಕೊಲ್ಲಿ ರಾಷ್ಟ್ರಗಳಿಗೆ ಕಳುಹಿಸಿ ದಾರಿ ಕಾಯುವ ನಮ್ಮ ಕುಟುಂಬಗಳಿಗೆ, ಅಲ್ಲಿ ದುಡಿಯುವ ನಮ್ಮವರಿಗೆ ಈ ಮುಖವೂ ತಿಳಿದಿರಬೇಕು.

ಮುರಿದ ಕೋಟೆಯ ಕಿರಿಯ ಮಗ

ಫ್ರಾನ್ಸಿಸರು 1506ರ ಏಪ್ರಿಲ್ 7ರಂದು ನವಾರ್ ರಾಜ್ಯದ ಹಾವಿಯೇರ್ ಕೋಟೆಯಲ್ಲಿ ಹುಟ್ಟಿದರು. ಆ ಕೋಟೆಯ ಹೆಸರೇ ಮುಂದೆ ಕ್ಸೇವಿಯರ್ ಎಂದಾಗಿ ಲೋಕಕ್ಕೆಲ್ಲ ಪರಿಚಿತವಾಯಿತು. ತಂದೆ ಹುವಾನ್ ದೆ ಹಾಸ್ಸೊ ನವಾರ್ ರಾಜನ ಆಡಳಿತ ಮಂಡಳಿಯ ಮುಖ್ಯಸ್ಥರು, ಕಾನೂನು ಪಂಡಿತರು. ತಾಯಿ ಮರಿಯಾ ದೆ ಅಸ್ಪಿಲ್‌ಕ್ವೇಟಾ. ಮನೆಯಲ್ಲಿ ಎಲ್ಲರಿಗಿಂತ ಕಿರಿಯ ಮಗು ಫ್ರಾನ್ಸಿಸ್. ಮನೆಯ ಮಾತು ಬಾಸ್ಕ್ ಭಾಷೆ.

ಬಾಲ್ಯ ಸುಖದ್ದಾಗಿರಲಿಲ್ಲ. 1512ರಲ್ಲಿ ಪಕ್ಕದ ಕಸ್ತೀಲಿಯ ಸೈನ್ಯ ನವಾರನ್ನು ವಶಪಡಿಸಿಕೊಂಡಿತು. 1515ರಲ್ಲಿ ತಂದೆ ತೀರಿಕೊಂಡರು. ಕಳೆದುಕೊಂಡ ರಾಜ್ಯವನ್ನು ಮರಳಿ ಪಡೆಯುವ ಹೋರಾಟಕ್ಕೆ ಅಣ್ಣಂದಿರಾದ ಮಿಗೆಲ್ ಮತ್ತು ಹುವಾನ್ ಇಳಿದರು. ಅದಕ್ಕೆ ಶಿಕ್ಷೆಯಾಗಿ 1516ರಲ್ಲಿ ಹಾವಿಯೇರ್ ಕೋಟೆಯ ಗೋಪುರಗಳನ್ನೂ ರಕ್ಷಣಾ ಗೋಡೆಗಳನ್ನೂ ಕೆಡವಿ ಹಾಕಲಾಯಿತು. ಆಗ ಫ್ರಾನ್ಸಿಸರಿಗೆ ಹತ್ತು ವರ್ಷ. ಆಳುಗಳು ತಮ್ಮ ಮನೆಯ ಗೋಡೆಗಳನ್ನು ಉರುಳಿಸುವುದನ್ನು ನೋಡಿ ಬೆಳೆದ ಮಗು ಅದು. ತಾಯಿ ಉಳಿದ ಭಾಗದಲ್ಲೇ ಸಂಸಾರ ನಡೆಸಿದರು. ಅಣ್ಣಂದಿರಿಗೆ ಕ್ಷಮಾದಾನ ಸಿಕ್ಕಿ ಮನೆ ಸೇರಲು 1524 ಬರಬೇಕಾಯಿತು.

ಮರುವರ್ಷ, 1525ರಲ್ಲಿ, ಫ್ರಾನ್ಸಿಸರು ಓದಲೆಂದು ಪ್ಯಾರಿಸಿಗೆ ಹೊರಟರು. ಚೆನ್ನಾಗಿ ಕಲಿತು, ಧರ್ಮಸಭೆಯಲ್ಲಿ ಒಳ್ಳೆಯ ಆದಾಯದ ಹುದ್ದೆ ಪಡೆದು, ಕುಟುಂಬದ ಗೌರವವನ್ನು ಮತ್ತೆ ಎತ್ತಿ ನಿಲ್ಲಿಸುವ ಆಸೆ ಅವರಲ್ಲಿತ್ತು. ತಾಯಿಯನ್ನು ಬೀಳ್ಕೊಂಡದ್ದೇ ಕೊನೆ. 1529ರಲ್ಲಿ ತಾಯಿ ತೀರಿಹೋದಾಗ ಮಗ ಪ್ಯಾರಿಸಿನಲ್ಲಿದ್ದರು. ಮುಂದೆ ಇಂಡಿಯಾಕ್ಕೆ ಹೊರಟಾಗ ದಾರಿಯಲ್ಲಿ ಮನೆಯ ಹತ್ತಿರದಿಂದ ಹಾದರೂ ಅವರು ತಾಯಿಯನ್ನು ನೋಡಲು ಹೋಗಲಿಲ್ಲವೆಂಬ ಒಂದು ಕಥೆ ಪ್ರಸಂಗಗಳಲ್ಲಿ ಬಹಳ ಕಾಲ ಕೇಳಿಬಂತು. ಅದನ್ನು ತ್ಯಾಗದ ಉದಾಹರಣೆಯಾಗಿ ಹೇಳುತ್ತಿದ್ದರು. ಆದರೆ ಆ ಪ್ರಯಾಣ ನಡೆದದ್ದು 1540ರಲ್ಲಿ. ತಾಯಿ ಸತ್ತು ಆಗಲೇ ಹನ್ನೊಂದು ವರ್ಷಗಳಾಗಿದ್ದವು. ನೋಡಬೇಕೆಂದರೂ ನೋಡಲು ತಾಯಿ ಇರಲಿಲ್ಲ.

ಒಂದೇ ಕೋಣೆಯ ಮೂವರು

ಪ್ಯಾರಿಸಿನ ಸೇಂಟ್ ಬಾರ್ಬ್ ಕಾಲೇಜಿನಲ್ಲಿ ಫ್ರಾನ್ಸಿಸರ ಕೋಣೆಯಲ್ಲಿ ಸವಾಯ್ ಸೀಮೆಯ ಒಬ್ಬ ರೈತನ ಮಗನಿದ್ದರು. ಅವರೇ ಪೀಟರ್ ಫೇಬರ್. ಪೋಪ್ ಫ್ರಾನ್ಸಿಸ್ ಅವರು 2013ರಲ್ಲಿ ಇವರನ್ನು ಸಂತರೆಂದು ಘೋಷಿಸಿದರು. 1529ರಲ್ಲಿ ಅದೇ ಕೋಣೆಗೆ ಮೂರನೆಯವರೊಬ್ಬರು ಬಂದರು. ವಯಸ್ಸು ನಲವತ್ತರ ಹತ್ತಿರ, ಒಂದು ಕಾಲು ಕುಂಟು. ಅವರು ಇಗ್ನೇಷಿಯಸ್ ಲೊಯೋಲ. 1521ರಲ್ಲಿ ಪಾಂಪ್ಲೋನ ಕೋಟೆಯ ಯುದ್ಧದಲ್ಲಿ ಇಗ್ನೇಷಿಯಸರು ಕಸ್ತೀಲಿಯ ಪರವಾಗಿ ಹೋರಾಡಿ ಗಾಯಗೊಂಡಿದ್ದರು. ಫ್ರಾನ್ಸಿಸರ ಅಣ್ಣಂದಿರು ಆಗ ಎದುರು ಪಕ್ಷದಲ್ಲಿದ್ದರು. ಹಳೆಯ ಲೆಕ್ಕ ಹಿಡಿದು ನೋಡಿದರೆ ಇವರಿಬ್ಬರು ಶತ್ರುಗಳಾಗಬೇಕಿತ್ತು.

ಮೊದಮೊದಲು ಫ್ರಾನ್ಸಿಸರಿಗೆ ಇಗ್ನೇಷಿಯಸರು ಹಿಡಿಸಲೂ ಇಲ್ಲ. ಬಡತನದ ಬದುಕನ್ನು ಆರಿಸಿಕೊಂಡ ಈ ಹಿರಿಯ ವಿದ್ಯಾರ್ಥಿಯ ಮಾತು ಹುದ್ದೆಯ ಕನಸು ಕಾಣುತ್ತಿದ್ದ ಯುವಕನಿಗೆ ರುಚಿಸಲಿಲ್ಲ. ವರ್ಷಗಳು ಕಳೆದಂತೆ ಮನಸ್ಸು ಬದಲಾಯಿತು. 1534ರ ಆಗಸ್ಟ್ 15ರಂದು, ಮರಿಯ ಮಾತೆಯ ಸ್ವರ್ಗಾರೋಹಣದ ಹಬ್ಬದ ದಿನ, ಪ್ಯಾರಿಸಿನ ಮೊಂಮಾರ್ತ್ ಗುಡ್ಡದ ದೇವಾಲಯದಲ್ಲಿ ಏಳು ಮಂದಿ ಸ್ನೇಹಿತರು ಬಡತನ ಮತ್ತು ಬ್ರಹ್ಮಚರ್ಯದ ಪ್ರತಿಜ್ಞೆ ಮಾಡಿದರು. ಫ್ರಾನ್ಸಿಸರೂ ಅವರಲ್ಲೊಬ್ಬರು. 1537ರ ಜೂನ್ 24ರಂದು ವೆನಿಸಿನಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಯೇಸುಸಭೆ ಹುಟ್ಟಿದ್ದು ಈ ಗೆಳೆಯರ ಬಳಗದಿಂದ.

ಮುರಿದ ಕೋಟೆಯ ಮಗನಿಗೆ ಈ ಗೆಳೆಯರೇ ಮನೆಯಾದರು. ಮುಂದೆ ಅವರು ಹಂಬಲಿಸಿ ಬರೆದ ಪತ್ರಗಳಲ್ಲಿ ಹಾವಿಯೇರಿನ ಗೋಡೆಗಳಿಗಿಂತ ಹೆಚ್ಚಾಗಿ ಕಾಣುವುದು ಈ ಗೆಳೆಯರ ಮುಖಗಳು.

ಒಂದೆರಡು ದಿನಗಳಲ್ಲಿ ಹೊರಟ ಪಯಣ

ಪೋರ್ಚುಗಲ್ಲಿನ ಮೂರನೆಯ ಜೋವಾನ್ ರಾಜನು ಇಂಡಿಯಾದ ಸೇವೆಗೆ ಧರ್ಮಗುರುಗಳನ್ನು ಕಳುಹಿಸುವಂತೆ ಕೇಳಿಕೊಂಡಿದ್ದನು. ಆಯ್ಕೆಯಾದವರು ಸಿಮಾವ್ ರೊಡ್ರಿಗಸ್ ಮತ್ತು ನಿಕೊಲಾಸ್ ಬೊಬಡಿಲ್ಲ. ಹೊರಡುವ ಹೊತ್ತಿಗೆ ಬೊಬಡಿಲ್ಲ ಜ್ವರದಿಂದ ಮಲಗಿದರು. ರಾಜನ ರಾಯಭಾರಿ ಕಾಯುವಂತಿರಲಿಲ್ಲ. ಇಗ್ನೇಷಿಯಸರು ಫ್ರಾನ್ಸಿಸರನ್ನು ಕರೆದು ಕೇಳಿದರು. ಅವರು ಕೂಡಲೇ ಒಪ್ಪಿದರು. ಒಂದೆರಡು ದಿನಗಳಲ್ಲೇ, 1540ರ ಮಾರ್ಚ್ ಮಧ್ಯದಲ್ಲಿ, ಹರಿದ ಬಟ್ಟೆಗಳಿಗೆ ಹೊಲಿಗೆ ಹಾಕಿಕೊಂಡು ರೋಮಿನಿಂದ ಹೊರಟುಬಿಟ್ಟರು. ಯೇಸುಸಭೆಯ ಅತ್ಯಂತ ಪ್ರಸಿದ್ಧ ಮಿಶನರಿ ಹೀಗೆ ಇನ್ನೊಬ್ಬರ ಜಾಗಕ್ಕೆ ಬಂದವರು.

ಸುಮಾರು ಎರಡು ವಾರಗಳ ನಂತರ ಇಟಲಿಯ ಬೊಲೋಞ ಪಟ್ಟಣದಿಂದ ಅವರು ರೋಮಿನ ಗೆಳೆಯರಿಗೆ ಪತ್ರ ಬರೆದರು. ಈ ಜನ್ಮದಲ್ಲಿ ಇನ್ನು ನಮ್ಮ ಭೇಟಿ ಪತ್ರಗಳ ಮೂಲಕ ಮಾತ್ರ, ಮುಖಾಮುಖಿ ಭೇಟಿ ಪರಲೋಕದಲ್ಲೇ ಎಂಬ ನಂಬಿಕೆಯನ್ನು ಅದರಲ್ಲಿ ತೋಡಿಕೊಂಡರು. ಇಂಡಿಯಾ ಇನ್ನೂ ಸಾವಿರಾರು ಮೈಲು ದೂರವಿತ್ತು. ಆದರೂ ಏನನ್ನು ಬಿಟ್ಟು ಹೋಗುತ್ತಿದ್ದೇನೆ ಎಂಬುದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಲಿಸ್ಬನ್ನಿನಲ್ಲಿ ರಾಜನು ರೊಡ್ರಿಗಸರನ್ನು ತನ್ನ ನಾಡಿನ ಸೇವೆಗೆ ಉಳಿಸಿಕೊಂಡನು. 1541ರ ಏಪ್ರಿಲ್ 7ರಂದು, ತಮ್ಮ ಮೂವತ್ತೈದನೆಯ ಹುಟ್ಟುಹಬ್ಬದ ದಿನ, ಫ್ರಾನ್ಸಿಸರು ಸಾಂತಿಯಾಗೊ ಎಂಬ ಹಡಗು ಹತ್ತಿದರು. ಅವರ ಜೊತೆಗೆ ಬಂದವರು ಇಟಲಿಯ ಪೌಲ್ ಮತ್ತು ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಮಾನ್ಸಿಲ್ಯಾಸ್. ಎರಡು ತಿಂಗಳು ಅವರಿಗೆ ಕಡಲ ವಾಂತಿ. ಗಿನಿ ತೀರದಲ್ಲಿ ಗಾಳಿ ನಿಂತು ಹಡಗು ವಾರಗಟ್ಟಲೆ ಮುಂದೆ ಹೋಗಲಿಲ್ಲ. ಗಾಳಿ ತಪ್ಪಿದ್ದರಿಂದ ಮೊಜಾಂಬಿಕಿನಲ್ಲಿ ತಿಂಗಳುಗಟ್ಟಲೆ ಇಳಿದು ಕಾಯಬೇಕಾಯಿತು. ಅಲ್ಲಿ ರೋಗಿಗಳ ಶುಶ್ರೂಷೆ ಮಾಡುತ್ತ ತಾವೇ ಜ್ವರ ಬಿದ್ದರು. 1542ರ ಮೇ 6ರಂದು ಗೋವೆ ತಲುಪುವಾಗ ಲಿಸ್ಬನ್ ಬಿಟ್ಟು ಹದಿಮೂರು ತಿಂಗಳಾಗಿದ್ದವು.

ಭಾಷೆ ಬಾರದ ಊರಿನಲ್ಲಿ

ಗೋವೆಯಲ್ಲಿ ಅವರು ಉಳಿದುಕೊಂಡದ್ದು ಆಸ್ಪತ್ರೆಯಲ್ಲಿ. ರೋಗಿಗಳನ್ನೂ ಸೆರೆಮನೆಯವರನ್ನೂ ನೋಡಿಕೊಂಡು, ಮಧ್ಯಾಹ್ನ ಗಂಟೆ ಬಾರಿಸುತ್ತ ಬೀದಿಯಲ್ಲಿ ನಡೆದು ಮಕ್ಕಳನ್ನು ಧರ್ಮೋಪದೇಶಕ್ಕೆ ಸೇರಿಸುತ್ತಿದ್ದರು. ಅಲ್ಲಿ ಪೋರ್ಚುಗೀಸ್ ಮಾತು ಸಾಕಾಗುತ್ತಿತ್ತು. ಕಷ್ಟ ಶುರುವಾದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ, ಕನ್ಯಾಕುಮಾರಿಯ ಆಚೆಗಿನ ಮುತ್ತಿನ ಕರಾವಳಿಗೆ ಹೋದಾಗ. ಅಲ್ಲಿನ ಪರವ ಮೀನುಗಾರರು ಕೆಲವು ವರ್ಷಗಳ ಹಿಂದೆಯೇ ಕ್ರೈಸ್ತರಾಗಿದ್ದರು. ಆದರೆ ಅವರ ಬಳಿ ಉಳಿಯುವ ಧರ್ಮಗುರುಗಳಿರಲಿಲ್ಲ.

ಆ ಜನರ ಮಾತು ತಮಿಳು. ಫ್ರಾನ್ಸಿಸರಿಗೆ ಅದರ ಒಂದಕ್ಷರವೂ ಬಾರದು. ಯುರೋಪಿನ ಗೆಳೆಯರಿಗೆ ಈ ತೊಡಕನ್ನು ವಿವರಿಸುವಾಗ ಅವರು ಬರೆದುಕೊಂಡ ಒಂದು ಸಂಗತಿ ಗಮನಿಸಬೇಕಾದದ್ದು. ಈ ಜನರ ಭಾಷೆ ಮಲಬಾರಿನದು, ತನ್ನದು ಬಾಸ್ಕ್ ಎಂದು ಅವರು ತಿಳಿಸಿದರು. ಹನ್ನೊಂದು ವರ್ಷ ಪ್ಯಾರಿಸಿನಲ್ಲಿ ಓದಿದ, ಲ್ಯಾಟಿನಿನಲ್ಲಿ ಪಾಠ ಹೇಳಿದ, ಸ್ಪ್ಯಾನಿಷ್ ಮತ್ತು ಪೋರ್ಚುಗೀಸಿನಲ್ಲಿ ಪತ್ರ ಬರೆಯುತ್ತಿದ್ದ ಮನುಷ್ಯನಿಗೆ, ಮಾತೇ ನಿಂತುಹೋದ ಕಡೆ ತನ್ನ ಭಾಷೆ ಯಾವುದೆಂದು ಯೋಚಿಸಿದಾಗ ನೆನಪಾದದ್ದು ತಾಯಿಯ ಮಾತು.

ಸಂತರಿಗೆ ಎಲ್ಲ ಭಾಷೆಗಳೂ ಪವಾಡದಿಂದ ಬಂದುವೆಂಬ ಕಥೆ ಅವರ ಕಾಲಾನಂತರ ಹಬ್ಬಿತು. ಅವರ ಪತ್ರಗಳು ತೋರಿಸುವುದು ಬೇರೆ. ಎರಡೂ ಭಾಷೆ ಬಲ್ಲ ಕೆಲವರನ್ನು ಹುಡುಕಿ ಕೂರಿಸಿ, ದಿನಗಟ್ಟಲೆ ಕಷ್ಟಪಟ್ಟು ಶಿಲುಬೆಯ ಗುರುತು, ವಿಶ್ವಾಸ ಸಂಗ್ರಹ, ಪರಲೋಕ ಮಂತ್ರ, ನಮೋ ಮರಿಯ ಮಂತ್ರ, ಹತ್ತು ಕಟ್ಟಳೆಗಳನ್ನು ತಮಿಳಿಗೆ ತರಿಸಿದರು. ಅವುಗಳನ್ನು ಬಾಯಿಪಾಠ ಮಾಡಿದರು. ಕೈಯಲ್ಲಿ ಗಂಟೆ ಹಿಡಿದು ಊರೂರು ಅಲೆದು ಮಕ್ಕಳಿಗೆ ಹೇಳಿಕೊಟ್ಟರು. ಮಕ್ಕಳು ಮನೆಗೆ ಹೋಗಿ ತಂದೆತಾಯಿಗೆ ಕಲಿಸಿದರು. ಜ್ಞಾನಸ್ನಾನ ಕೊಟ್ಟು ಕೊಟ್ಟು ಕೈ ಸೋತುಹೋಗುತ್ತಿತ್ತು, ಒಂದೇ ಪ್ರಾರ್ಥನೆಯನ್ನು ಹೇಳಿ ಹೇಳಿ ದನಿ ಬೀಳುತ್ತಿತ್ತು. ಆ ದಣಿವಿನ ನಡುವೆ ಅವರ ಮನಸ್ಸು ಓಡಿದ್ದು ಪ್ಯಾರಿಸಿನ ಕಾಲೇಜುಗಳಿಗೆ. ಅಲ್ಲಿಗೆ ಹೋಗಿ, ಓದನ್ನು ಬರೀ ಹುದ್ದೆಗಾಗಿ ಬಳಸುವ ವಿದ್ವಾಂಸರನ್ನು ಹುಚ್ಚನಂತೆ ಕೂಗಿ ಎಬ್ಬಿಸಬೇಕೆಂಬ ಆಸೆ ತಮಗಾಗುವುದೆಂದು 1544ರ ಜನವರಿಯಲ್ಲಿ ಕೊಚ್ಚಿಯಿಂದ ಗೆಳೆಯರಿಗೆ ತಿಳಿಸಿದರು. ಒಂದು ಕಾಲದಲ್ಲಿ ತಾವೂ ಅಂಥ ಹುದ್ದೆಯನ್ನು ಬಯಸಿದ್ದವರೇ.

ಬೇಸರದ ದಿನಗಳೂ ಇದ್ದವು. 1544ರಲ್ಲಿ ಮಾನ್ಸಿಲ್ಯಾಸರಿಗೆ ಬರೆದ ಸಣ್ಣ ಸಣ್ಣ ಪತ್ರಗಳಲ್ಲಿ ಅವರ ಅಳಲು ಕಾಣುತ್ತದೆ. ಪೋರ್ಚುಗೀಸ್ ಅಧಿಕಾರಿಗಳೇ ಬಡ ಮೀನುಗಾರರನ್ನು ಹಿಂಸಿಸುವುದನ್ನು ಕಂಡು ರೋಸಿಹೋಗಿ, ಎಲ್ಲವನ್ನೂ ಬಿಟ್ಟು ಇಥಿಯೋಪಿಯಾ ದೇಶಕ್ಕೆ ಹೋಗಿಬಿಡಬೇಕು ಎನ್ನುವಷ್ಟು ನೊಂದರು. ಹೋಗಲಿಲ್ಲ. ಅದೇ ಪತ್ರಗಳಲ್ಲಿ ಮಾನ್ಸಿಲ್ಯಾಸರಿಗೆ ಜನರೊಂದಿಗೆ ತಾಳ್ಮೆಯಿಂದ ಇರಿ, ಅವರ ಪ್ರೀತಿ ಗಳಿಸಿರಿ ಎಂದು ಮತ್ತೆ ಮತ್ತೆ ಬುದ್ಧಿ ಹೇಳಿದರು.

ಫ್ರಾನ್ಸಿಸರು ತಮ್ಮ ಶತಮಾನದ ಮನುಷ್ಯರೂ ಆಗಿದ್ದರು ಎಂಬುದನ್ನು ಇಲ್ಲಿ ಮರೆಯಬಾರದು. ಈ ವರ್ಷಗಳಲ್ಲಿ ಅವರು ಇಂಡಿಯಾದ ಜನರನ್ನೂ ಇಲ್ಲಿನ ಇತರ ಧರ್ಮಗಳನ್ನೂ ಅಳೆದದ್ದು ಯುರೋಪಿನಿಂದ ತಂದ ಅಳತೆಗೋಲಿನಿಂದ. ಅವರ ಕೆಲವು ತೀರ್ಪುಗಳು ಕಟುವಾಗಿದ್ದವು. 1546ರಲ್ಲಿ ಗೋವೆಗೆ ಧಾರ್ಮಿಕ ವಿಚಾರಣಾ ನ್ಯಾಯಾಲಯ ಬೇಕೆಂದು ರಾಜನಿಗೆ ಬರೆದದ್ದೂ ಇತಿಹಾಸದಲ್ಲಿದೆ. ಅವರು ಸತ್ತ ಎಂಟು ವರ್ಷಗಳ ನಂತರ, 1560ರಲ್ಲಿ, ಅದು ಗೋವೆಗೆ ಬಂದು ಅನೇಕರ ಬದುಕನ್ನು ನರಕ ಮಾಡಿತು. ಸಂತರನ್ನು ಗೌರವಿಸಲು ಇದನ್ನು ಮುಚ್ಚಬೇಕಾಗಿಲ್ಲ. ಹೊರನಾಡಿಗೆ ಹೋದವನು ತನ್ನ ಊರಿನ ಅಳತೆಯನ್ನೇ ಎಲ್ಲೆಡೆ ಹಿಡಿದರೆ ಎದುರಿನ ಮನುಷ್ಯ ಕಾಣುವುದಿಲ್ಲ. ಆ ಅಳತೆ ಅವರ ಕೈಯಲ್ಲೂ ಬದಲಾಗಲು ಸಮಯ ಹಿಡಿಯಿತು.

ಕತ್ತರಿಸಿಟ್ಟ ಹೆಸರುಗಳು

ಈಗ ಫೋನ್ ಎತ್ತಿದರೆ ದುಬೈಯಲ್ಲಿರುವ ಮಗನ ಮುಖ ಕಾಣುತ್ತದೆ. ಅಂದಿನ ಪರಿಸ್ಥಿತಿ ಊಹಿಸುವುದೂ ಕಷ್ಟ. ಲಿಸ್ಬನ್ನಿನಿಂದ ಹಡಗುಗಳು ವರ್ಷಕ್ಕೊಮ್ಮೆ ವಸಂತದಲ್ಲಿ ಹೊರಟು ಮಳೆಗಾಲ ಮುಗಿಯುವ ವೇಳೆಗೆ ಇಲ್ಲಿಗೆ ಬರುತ್ತಿದ್ದವು. ಮರಳುವ ಹಡಗುಗಳು ಸುಮಾರಾಗಿ ಜನವರಿಯಲ್ಲಿ ಕೊಚ್ಚಿ ಬಿಡುತ್ತಿದ್ದವು. ಒಂದು ಹಡಗು ತಪ್ಪಿದರೆ ಪತ್ರಕ್ಕೆ ಇನ್ನೊಂದು ವರ್ಷ. ಮಲಕ್ಕಾದ ಆಚೆಗಿನ ದ್ವೀಪಗಳಲ್ಲಿದ್ದವರಿಗೆ ಒಂದು ಪ್ರಶ್ನೆ ರೋಮಿನಿಂದ ಬಂದು ಅದಕ್ಕೆ ಉತ್ತರ ರೋಮಿಗೆ ಮುಟ್ಟಲು ನಾಲ್ಕು ವರ್ಷಗಳ ಹತ್ತಿರ ಹಿಡಿಯುತ್ತಿತ್ತು. ಆದ್ದರಿಂದಲೇ ಫ್ರಾನ್ಸಿಸರು ಗೆಳೆಯರನ್ನು ಪದೇ ಪದೇ ಬೇಡಿಕೊಳ್ಳುತ್ತಿದ್ದರು: ಉದ್ದದ ಪತ್ರ ಬರೆಯಿರಿ, ಒಬ್ಬೊಬ್ಬರ ಸುದ್ದಿಯನ್ನೂ ಬಿಡಿಸಿ ಬರೆಯಿರಿ ಎಂದು.

1545ರಲ್ಲಿ ಅವರು ಮಲಕ್ಕಾಕ್ಕೆ ಹೋದರು. 1546ರ ಆರಂಭದಲ್ಲಿ ಅಲ್ಲಿಂದ ಇನ್ನೂ ಪೂರ್ವಕ್ಕೆ, ಇಂದಿನ ಇಂಡೊನೇಷ್ಯಾದ ಅಂಬೊನ್ ದ್ವೀಪಕ್ಕೆ ತಲುಪಿದರು. ಮತ್ತೆ ಹೊಸ ಜನ, ಹೊಸ ಭಾಷೆ. ಈ ಬಾರಿ ಮಲಯ. ಅಲ್ಲಿಂದ 1546ರ ಮೇ 10ರಂದು ಯುರೋಪಿನ ಗೆಳೆಯರಿಗೆ ಒಂದು ಸಂಗತಿ ತಿಳಿಸಿದರು. ಗೆಳೆಯರು ಬರೆದ ಪತ್ರಗಳಿಂದ ಅವರವರ ಕೈಯಕ್ಷರದ ಹೆಸರುಗಳನ್ನು ಕತ್ತರಿಸಿ ತೆಗೆದು, ತಮ್ಮ ವ್ರತ ಪ್ರತಿಜ್ಞೆಯ ಕಾಗದದೊಂದಿಗೆ ಸೇರಿಸಿ, ಸದಾ ತಮ್ಮ ಬಳಿಯೇ ಇಟ್ಟುಕೊಂಡು ತಿರುಗುತ್ತಿದ್ದರು. ಅವುಗಳಿಂದ ತಮಗೆ ದೊಡ್ಡ ಸಮಾಧಾನ ಸಿಗುತ್ತದೆ ಎಂದು ಅವರು ಹೇಳಿಕೊಂಡರು.

ಪತ್ರ ಪೂರ್ತಿ ಹೊತ್ತುಕೊಂಡು ತಿರುಗಲಾಗದು. ಮಳೆಗೆ, ಕಡಲ ನೀರಿಗೆ ಹಾಳಾಗುತ್ತದೆ. ಸಹಿಯಾದರೂ ಉಳಿಯಲಿ ಎಂದು ಕತ್ತರಿಸಿಕೊಂಡ ಆ ಸಣ್ಣ ಕಾಗದದ ಚೂರುಗಳು, ಊರು ಬಿಟ್ಟವರು ಪರ್ಸಿನಲ್ಲಿ ಮಡಚಿಟ್ಟುಕೊಳ್ಳುವ ಮಕ್ಕಳ ಫೋಟೋದಂತೆಯೇ ಅಲ್ಲವೇ?

ಅದೇ ವರ್ಷ ಆಗಸ್ಟ್ 1ರಂದು ಪೀಟರ್ ಫೇಬರ್ ರೋಮಿನಲ್ಲಿ ತೀರಿಕೊಂಡರು. ಪ್ಯಾರಿಸಿನ ಕೋಣೆಯ ಗೆಳೆಯನ ಸಾವಿನ ಸುದ್ದಿ ಫ್ರಾನ್ಸಿಸರಿಗೆ ಬಹಳ ತಡವಾಗಿ ಮುಟ್ಟಿತು. ಮಲಕ್ಕಾದಿಂದ ಕೊಚ್ಚಿಗೆ ಬರುವ ದಾರಿಯಲ್ಲಿ ಅವರ ಹಡಗು ಭಾರೀ ಬಿರುಗಾಳಿಗೆ ಸಿಕ್ಕಿತು. ಮರಣ ಕಣ್ಣೆದುರಿಗಿದ್ದಾಗ ಅವರು ಪ್ರಾರ್ಥನೆಯಲ್ಲಿ ಯಾರ ಯಾರ ಬಿನ್ನಹ ಕೋರಿದರೋ ಅವರಲ್ಲಿ ಫೇಬರರ ಆತ್ಮವೂ ಇತ್ತು. ಇದನ್ನು 1548ರ ಜನವರಿಯ ಪತ್ರದಲ್ಲಿ ಅವರೇ ತಿಳಿಸಿದ್ದಾರೆ. ಧರ್ಮಸಭೆ ಫೇಬರರನ್ನು ಸಂತರೆಂದು ಘೋಷಿಸಲು ಇನ್ನೂ 465 ವರ್ಷಗಳಿದ್ದವು. ಗೆಳೆಯನಿಗೆ ಅದು ಆಗಲೇ ಗೊತ್ತಿತ್ತು.

ಮಕ್ಕಳಂತೆ ಕಲಿತ ಜಪಾನ್

1547ರ ಡಿಸೆಂಬರಿನಲ್ಲಿ ಮಲಕ್ಕಾದಲ್ಲಿ ಅಂಜಿರೊ ಎಂಬ ಜಪಾನೀಯ ಅವರನ್ನು ಹುಡುಕಿಕೊಂಡು ಬಂದನು. ಊರಿನಲ್ಲಿ ಕೊಲೆಯೊಂದರಲ್ಲಿ ಸಿಕ್ಕಿ, ಮನೆಮಠ ಬಿಟ್ಟು ಓಡಿ ಬಂದವನು ಅವನು. ಗೋವೆಯಲ್ಲಿ ಜ್ಞಾನಸ್ನಾನ ಪಡೆದು ಪೌಲ್ ಎಂಬ ಹೆಸರು ಪಡೆದನು. 1549ರ ಏಪ್ರಿಲಿನಲ್ಲಿ ಫ್ರಾನ್ಸಿಸರು ಅವನನ್ನು ಕರೆದುಕೊಂಡು ಜಪಾನಿಗೆ ಹೊರಟರು. ಅವರ ಜೊತೆಗೆ ಕೋಸ್ಮೆ ದೆ ತೊರೆಸ್, ಹುವಾನ್ ಫೆರ್ನಾಂಡೆಸ್, ಇನ್ನಿಬ್ಬರು ಜಪಾನೀಯರು, ಚೀನಾದ ಮಾನುವೆಲ್ ಮತ್ತು ಮಲಬಾರಿನ ಅಮಾದೋರ್ ಇದ್ದರು. ಆಗಸ್ಟ್ 15ರಂದು ಕಾಗೋಶಿಮದಲ್ಲಿ ಇಳಿದರು. ಅದು ಅಂಜಿರೊನ ಸ್ವಂತ ಊರು. ತಮ್ಮ ಮನೆ ಕಾಣದ ಮನುಷ್ಯ ಇನ್ನೊಬ್ಬನನ್ನು ಅವನ ಮನೆ ಸೇರಿಸಿದರು.

ಜಪಾನಿನಲ್ಲಿ ಅವರ ನೋಟ ಬದಲಾಯಿತು. ಇಲ್ಲಿನ ಜನರ ಶಿಷ್ಟಾಚಾರ, ಕಲಿಯುವ ಆಸೆ, ಬಡತನದಲ್ಲೂ ಇರುವ ಮರ್ಯಾದೆಯನ್ನು ಕಂಡು ಅವರು ಬೆರಗಾದರು. ತಾವು ಈ ಜನರ ನಡುವೆ ಮೂಕ ಪ್ರತಿಮೆಗಳಂತೆ ಕುಳಿತಿರುವುದನ್ನೂ, ಜನ ತಮ್ಮ ಬಗ್ಗೆ ಮಾತಾಡಿಕೊಂಡರೂ ಏನೂ ತಿಳಿಯದಿರುವುದನ್ನೂ, ಎಳೆಯ ಮಕ್ಕಳಂತೆ ಮಾತು ಕಲಿಯಬೇಕಾಗಿರುವುದನ್ನೂ 1549ರ ನವೆಂಬರಿನಲ್ಲಿ ಕಾಗೋಶಿಮದಿಂದ ಬರೆದು ತಿಳಿಸಿದರು. ಮಾಂಸವಿಲ್ಲ, ಅನ್ನ, ಸೊಪ್ಪು ತರಕಾರಿ, ಅಪರೂಪಕ್ಕೆ ಮೀನು. ಅದರಿಂದ ಆರೋಗ್ಯ ಚೆನ್ನಾಗಿಯೇ ಇದೆ ಎಂದು ಹೇಳಿದರು. ಕಾಗೋಶಿಮದ ಝೆನ್ ಮಠವೊಂದರ ಹಿರಿಯ ಸನ್ಯಾಸಿ ನಿನ್‌ಶಿತ್ಸು ಅವರ ಗೆಳೆಯರಾದರು. ವಯಸ್ಸು ಎಂಬತ್ತು. ಆತ್ಮ ಅಮರವೋ ಅಲ್ಲವೋ ಎಂದು ಇಬ್ಬರೂ ಚರ್ಚಿಸುತ್ತಿದ್ದರು. ಆ ಸನ್ಯಾಸಿ ಕ್ರೈಸ್ತರಾಗಲಿಲ್ಲ. ಆದರೂ ಫ್ರಾನ್ಸಿಸರು ತಮ್ಮ ಪತ್ರದಲ್ಲಿ ಅವರನ್ನು ತಮ್ಮ ದೊಡ್ಡ ಗೆಳೆಯನೆಂದು ಬಣ್ಣಿಸಿದರು.

ತಪ್ಪುಗಳೂ ಆದವು. ದೇವರು ಎನ್ನಲು ಅಂಜಿರೊ ಸೂಚಿಸಿದ ದೈನಿಚಿ ಎಂಬ ಮಾತನ್ನು ಮೊದಲು ಬಳಸಿದರು. ಅದು ಬೌದ್ಧರು ಪೂಜಿಸುವ ಬುದ್ಧನೊಬ್ಬನ ಹೆಸರೆಂದು ತಿಳಿದ ಮೇಲೆ ಕೈಬಿಟ್ಟರು. 1550-51ರ ಚಳಿಗಾಲದಲ್ಲಿ ಹಿಮದಲ್ಲಿ ನಡೆದು ರಾಜಧಾನಿ ಕ್ಯೋಟೊ ಸೇರಿದರು. ಅರಸನನ್ನು ಕಾಣಲು ಬಿಡಲಿಲ್ಲ. ಯುದ್ಧದಿಂದ ಪಟ್ಟಣವೇ ಹಾಳಾಗಿತ್ತು. ಹರಿದ ಬಟ್ಟೆಯ ಬಡವನ ಮಾತನ್ನು ಇಲ್ಲಿ ಯಾರೂ ಕೇಳುವುದಿಲ್ಲ ಎಂಬುದನ್ನು ಅರಿತರು. ಯಾಮಾಗುಚಿಯ ಅಧಿಪತಿಯನ್ನು ಮತ್ತೆ ಕಾಣಲು ಹೋಗುವಾಗ ಒಳ್ಳೆಯ ಉಡುಪು ತೊಟ್ಟು, ಗಡಿಯಾರ ಮೊದಲಾದ ಉಡುಗೊರೆಗಳನ್ನು ಒಯ್ದರು. ಅಧಿಪತಿ ಬೋಧಿಸಲು ಅನುಮತಿಯನ್ನೂ ಉಳಿದುಕೊಳ್ಳಲು ಖಾಲಿ ಮಠವೊಂದನ್ನೂ ಕೊಟ್ಟನು. ಯುರೋಪಿನಲ್ಲಿ ಬಡತನವೇ ಸಾಕ್ಷಿಯಾಗಿತ್ತು. ಜಪಾನಿನಲ್ಲಿ ಆ ಸಾಕ್ಷಿ ಬೇರೆ ರೂಪ ಪಡೆಯಬೇಕಾಯಿತು. ಜಾಗ ನೋಡಿ ನಡೆಯುವುದನ್ನು ಆ ನಾಡು ಅವರಿಗೆ ಕಲಿಸಿತು.

ಕ್ಯೋಟೊ ದಾರಿಯಲ್ಲಿ ಜೊತೆಗಿದ್ದ ಬೆರ್ನಾರ್ಡೊ ಎಂಬ ಕಾಗೋಶಿಮದ ಯುವಕನನ್ನು ಮುಂದೆ ಅವರು ಯುರೋಪಿಗೆ ಕಳುಹಿಸಿದರು. ಯುರೋಪ್ ಮುಟ್ಟಿದ ಮೊದಲ ಜಪಾನೀಯನೆಂದು ಅವನನ್ನು ಗುರುತಿಸುತ್ತಾರೆ. ಯೇಸುಸಭೆ ಸೇರಿ, ರೋಮಿಗೂ ಹೋಗಿಬಂದು, 1557ರಲ್ಲಿ ಪೋರ್ಚುಗಲ್ಲಿನ ಕೊಯಿಂಬ್ರದಲ್ಲಿ ಅವನು ತೀರಿಕೊಂಡನು. ಅವನಿಗೂ ಊರು ಕಾಣಲು ಸಿಗಲಿಲ್ಲ. ಫ್ರಾನ್ಸಿಸರ ಹೆಸರು ನಮಗೆ ಗೊತ್ತು. ಅವರಂತೆಯೇ ಊರು ಬಿಟ್ಟ ಬೆರ್ನಾರ್ಡೊ, ಅಮಾದೋರ್, ಮಾನುವೆಲರ ಹೆಸರು ಯಾರಿಗೂ ನೆನಪಿಲ್ಲ.

ಮಲಕ್ಕಾದಲ್ಲಿ ಕಾದಿದ್ದ ಪತ್ರ

ಜಪಾನಿನಲ್ಲಿದ್ದ ಎರಡು ವರ್ಷಕ್ಕೂ ಹೆಚ್ಚು ಕಾಲ ಅವರಿಗೆ ಗೋವೆಯಿಂದಾಗಲಿ ಯುರೋಪಿನಿಂದಾಗಲಿ ಪತ್ರ ಬರಲಿಲ್ಲ. 1551ರ ಕೊನೆಗೆ ಮಲಕ್ಕಾಕ್ಕೆ ಮರಳಿದಾಗ ಇಗ್ನೇಷಿಯಸರ ಪತ್ರವೊಂದು ಅಲ್ಲಿ ಕಾದಿತ್ತು. ನಿಮ್ಮನ್ನು ಎಂದಿಗೂ ಮರೆಯಲಾರೆ ಎಂಬ ಅರ್ಥದ ಮಾತಿನಿಂದ ಆ ಪತ್ರ ಮುಗಿದಿತ್ತು. 1552ರ ಜನವರಿ 29ರಂದು ಕೊಚ್ಚಿಯಿಂದ ಫ್ರಾನ್ಸಿಸರು ಉತ್ತರ ಬರೆದರು. ಆ ಮಾತುಗಳನ್ನು ಕಣ್ಣೀರಿನಿಂದ ಓದಿದೆನೆಂದೂ, ಹಳೆಯ ದಿನಗಳನ್ನು ನೆನೆದು ಕಣ್ಣೀರಿನಿಂದಲೇ ಬರೆಯುತ್ತಿದ್ದೇನೆಂದೂ ಒಪ್ಪಿಕೊಂಡರು. ಮೂರು ವರ್ಷಗಳ ಹಿಂದೆ ಅವರು ಇಗ್ನೇಷಿಯಸರಿಗೆ ಬರೆದದ್ದು ಮೊಣಕಾಲೂರಿ, ಗುರುವು ಎದುರಿಗೇ ಇರುವರೆಂದು ಭಾವಿಸಿಕೊಂಡು.

ಬಿರುಗಾಳಿಗೂ ಕಡಲ್ಗಳ್ಳರಿಗೂ ಹೆದರದವರು, ಹಿಮದಲ್ಲಿ ನಡೆದವರು ಒಂದು ಸಾಲಿಗೆ ಅತ್ತರು. ಸಂತರಾದವರು ಮನೆಯವರನ್ನು ಮರೆತಿರಬೇಕು, ಬಂಧನಗಳೆಲ್ಲ ಕಳಚಿರಬೇಕು ಎಂದು ನಾವು ಕೆಲವೊಮ್ಮೆ ಭಾವಿಸುತ್ತೇವೆ. ಫ್ರಾನ್ಸಿಸರು ಹಾಗಿರಲಿಲ್ಲ. ತಮ್ಮವರ ಹಂಬಲ ಅವರಲ್ಲಿ ಕೊನೆಯವರೆಗೂ ಆರಲಿಲ್ಲ. ಅದು ಅವರನ್ನು ಹಿಂದಕ್ಕೆ ಎಳೆಯಲೂ ಇಲ್ಲ, ಎದುರಿನ ಜನರನ್ನು ಕಡೆಗಣಿಸುವಂತೆ ಮಾಡಲೂ ಇಲ್ಲ. ಅತ್ತ ಮರುದಿನವೂ ಅವರು ಕೆಲಸಕ್ಕೆ ಎದ್ದರು.

ಸಾಂಚಿಯಾನ್ ದ್ವೀಪದ ಗುಡಿಸಲು

ಜಪಾನೀಯರು ಚೀನಾದ ಜ್ಞಾನಕ್ಕೆ ಕೊಡುವ ಗೌರವವನ್ನು ಕಂಡ ಫ್ರಾನ್ಸಿಸರು ಚೀನಾಕ್ಕೇ ಹೋಗಲು ನಿಶ್ಚಯಿಸಿದರು. 1552ರ ಏಪ್ರಿಲಿನಲ್ಲಿ ಗೋವೆ ಬಿಟ್ಟರು. ಗೆಳೆಯ ದಿಯೋಗೊ ಪೆರೇರರನ್ನು ರಾಯಭಾರಿಯಾಗಿ ಮಾಡಿಕೊಂಡು ಹೋಗುವ ಯೋಜನೆಯನ್ನು ಮಲಕ್ಕಾದ ಅಧಿಕಾರಿ ಆಲ್ವಾರೊ ದೆ ಅತಾಯ್ದೆ ತಡೆದನು. ಆದರೂ ಸಾಂತಾ ಕ್ರೂಸ್ ಹಡಗಿನಲ್ಲಿ ಹೊರಟು ಆಗಸ್ಟ್ ಕೊನೆಗೆ ಚೀನಾದ ತೀರಕ್ಕೆ ಹತ್ತಿರದ ಸಾಂಚಿಯಾನ್ ದ್ವೀಪ ಸೇರಿದರು. ಪರದೇಶಿಗಳು ಒಳನಾಡಿಗೆ ಬರಕೂಡದೆಂದು ಚೀನಾದಲ್ಲಿ ಕಟ್ಟುನಿಟ್ಟಿನ ಆಜ್ಞೆಯಿತ್ತು. ಕರಿಮೆಣಸನ್ನು ಕೂಲಿಯಾಗಿ ಪಡೆದು ಗುಟ್ಟಾಗಿ ಕ್ಯಾಂಟನ್ನಿಗೆ ಮುಟ್ಟಿಸಲು ಒಬ್ಬ ಚೀನೀ ವ್ಯಾಪಾರಿ ಒಪ್ಪಿದ್ದನು. ಫ್ರಾನ್ಸಿಸರು ದಿನವೂ ಅವನ ದಾರಿ ಕಾದರು. ಅವನು ಬರಲೇ ಇಲ್ಲ.

ಪೋರ್ಚುಗೀಸ್ ವ್ಯಾಪಾರಿಗಳ ಹಡಗುಗಳು ಒಂದೊಂದಾಗಿ ಹೊರಟವು. ಚಳಿ ಹೆಚ್ಚಿತು. ನವೆಂಬರ್ 21ರಂದು ಜ್ವರ ಬಂತು. ಹಡಗಿಗೆ ಒಯ್ದರೆ ಅಲೆಗಳ ತೂಗಾಟ ತಾಳಲಾಗದೆ ಮತ್ತೆ ದಡಕ್ಕೆ ತಂದರು. ಹುಲ್ಲಿನ ಗುಡಿಸಲಲ್ಲಿ ಅವರ ಬಳಿ ಇದ್ದವರು ಗೋವೆಯಲ್ಲಿ ಓದಿದ ಚೀನಾದ ಯುವಕ ಆಂಟೋನಿಯೊ ಮತ್ತು ಮಲಬಾರಿನ ಸೇವಕ ಕ್ರಿಸ್ತೋಫರ್. ಜ್ವರದ ಕನವರಿಕೆಯಲ್ಲಿ ಫ್ರಾನ್ಸಿಸರು ತನಗೆ ಅರ್ಥವಾಗದ ಒಂದು ಭಾಷೆಯಲ್ಲಿ ಮಾತಾಡುತ್ತಿದ್ದರೆಂದು ಆಂಟೋನಿಯೊ ಮುಂದೆ ತಿಳಿಸಿದನು. ಅದು ಬಾಸ್ಕ್ ಆಗಿದ್ದಿರಬೇಕು ಎಂದು ಅವರ ಜೀವನಚರಿತ್ರೆ ಬರೆದವರು ಭಾವಿಸುತ್ತಾರೆ. ತಮಿಳು, ಮಲಯ, ಜಪಾನಿಗಳನ್ನು ಮಗುವಿನಂತೆ ಕಲಿತವರ ನಾಲಗೆಗೆ ಕೊನೆಗೆ ಬಂದದ್ದು ಹಾವಿಯೇ‌ರ್ ಕೋಟೆಯಲ್ಲಿ ತಾಯಿ ಆಡಿದ ಮಾತು. 1552ರ ಡಿಸೆಂಬರ್ 3ರ ನಸುಕಿನಲ್ಲಿ ಪ್ರಾಣ ಹೋಯಿತು. ವಯಸ್ಸು ನಲವತ್ತಾರು.

ಈ ಸುದ್ದಿ ರೋಮಿಗೆ ತಿಳಿದಿರಲಿಲ್ಲ. 1553ರ ಜೂನ್ 28ರಂದು ಇಗ್ನೇಷಿಯಸರು ಫ್ರಾನ್ಸಿಸರಿಗೆ ಪತ್ರ ಬರೆದು ಯುರೋಪಿಗೆ ಮರಳಿ ಬರುವಂತೆ ಆಜ್ಞಾಪಿಸಿದರು. ಇಂಡಿಯಾದ ಸ್ಥಿತಿಗತಿಯನ್ನು ಅವರ ಬಾಯಿಂದಲೇ ಕೇಳಬೇಕೆಂಬುದು ಗುರುಗಳ ಅಪೇಕ್ಷೆಯಾಗಿತ್ತು. ಮನೆಗೆ ಬಾ ಎಂಬ ಕರೆ ಕೊನೆಗೂ ಬಂದಿತ್ತು. ಕರೆ ಹೊರಡುವಾಗ ಕರೆಸಿಕೊಳ್ಳಬೇಕಾದವರು ಸತ್ತು ಆರು ತಿಂಗಳು ದಾಟಿತ್ತು.

ನಮ್ಮ ಮನೆಗಳಿಗೆ

ಅವರ ಶರೀರ ಮಲಕ್ಕಾದ ಮೂಲಕ 1554ರ ಮಾರ್ಚ್ 16ರಂದು ಗೋವೆಗೆ ಬಂತು. 1622ರ ಮಾರ್ಚ್ 12ರಂದು ಫ್ರಾನ್ಸಿಸರನ್ನೂ ಇಗ್ನೇಷಿಯಸರನ್ನೂ ಒಂದೇ ದಿನ ಸಂತರೆಂದು ಘೋಷಿಸಲಾಯಿತು. 1927ರಲ್ಲಿ ಅವರನ್ನು, ಮಠದಿಂದ ಹೊರಗೆ ಹೋಗದೆ ಮಿಶನರಿಗಳಿಗಾಗಿ ಪ್ರಾರ್ಥಿಸಿದ ಸಂತ ತೆರೇಸಾರ ಜೊತೆಗೆ, ಮಿಶನ್‌ಗಳ ಪಾಲಕರೆಂದು ಸಾರಲಾಯಿತು. ಹೋದವರನ್ನೂ ಇದ್ದಲ್ಲೇ ಇದ್ದು ಬೆಂಬಲಿಸಿದವರನ್ನೂ ಧರ್ಮಸಭೆ ಹೀಗೆ ಜೊತೆಗಿಟ್ಟಿತು. ನವಾರಿನ ಜನರು ಇಂದಿಗೂ ಪ್ರತಿ ಮಾರ್ಚ್ ತಿಂಗಳಲ್ಲಿ ಹಾವಿಯೇರ್ ಕೋಟೆಗೆ ಕಾಲ್ನಡಿಗೆಯಲ್ಲಿ ಯಾತ್ರೆ ಬರುತ್ತಾರೆ.

ನಮ್ಮ ಕರಾವಳಿಯಲ್ಲಿ ಊರು ಬಿಡದ ಮನೆ ವಿರಳ. ಮುಂಬೈ, ಕುವೈಟ್, ದೋಹಾ, ದುಬೈ, ಈಗ ಕೆನಡಾ, ಇಸ್ರೇಲ್. ದೂರ ಇರುವವರು ಊರ ನೆನಪಾಗಿ ಅತ್ತರೆ ಅದು ವಿಶ್ವಾಸದ ಕೊರತೆಯಲ್ಲ. ಗೋವೆಯ ಸಾಯ್ಬನೂ ಅತ್ತಿದ್ದಾರೆ. ಆದರೆ ಅಲ್ಲಿನವರ ಭಾಷೆಯ ನಾಲ್ಕು ಮಾತು ಕಲಿಯಲು, ಪಕ್ಕದ ಹಾಸಿಗೆಯ ಬಂಗಾಳಿಯನ್ನೋ ಫಿಲಿಪೀನಿಯನ್ನೋ ಗೆಳೆಯನಾಗಿ ಮಾಡಿಕೊಳ್ಳಲು ಆ ನೆನಪು ಅಡ್ಡಿಯಾಗಬೇಕಾಗಿಲ್ಲ. ಮನೆಯಲ್ಲಿ ಉಳಿದವರಿಗೂ ಒಂದು ಕೆಲಸವಿದೆ. ದೂರದವರು ಫೋನ್ ಮಾಡಿದಾಗ ಹಣದ ಮಾತು ಮುಗಿಸಿ ಇಡಬೇಡಿರಿ. ಬಾವಿಯ ನೀರು ಎಷ್ಟಿದೆ, ತೆನೆ ಹಬ್ಬಕ್ಕೆ ಯಾರು ಬಂದಿದ್ದರು, ಅಜ್ಜಿಯ ಕಾಲುನೋವು ಹೇಗಿದೆ ಎಂಬುದನ್ನೆಲ್ಲ ಬಿಡಿಸಿ ಹೇಳಿರಿ. ಫ್ರಾನ್ಸಿಸರು ವರ್ಷಗಟ್ಟಲೆ ಬೇಡಿಕೊಂಡದ್ದು ಇಷ್ಟನ್ನೇ. ಬಾ ಎಂದು ಕರೆಯಬೇಕಾದವರನ್ನು ಸಮಯ ಇರುವಾಗಲೇ ಕರೆಯಿರಿ. ಈ ಡಿಸೆಂಬರ್ 3ರ ಬಲಿಪೂಜೆಯಲ್ಲಿ ನಮ್ಮ ಧರ್ಮಕೇಂದ್ರಗಳಿಂದ ಹೊರಗಿರುವ ಎಲ್ಲರನ್ನೂ ಹೆಸರು ಹಿಡಿದು ನೆನೆಯೋಣ.

ಸಂತ ಫ್ರಾನ್ಸಿಸ್ ಕ್ಸೇವಿಯರರೇ, ಊರು ಬಿಟ್ಟವರಿಗಾಗಿಯೂ ಅವರ ದಾರಿ ಕಾಯುವವರಿಗಾಗಿಯೂ ಪ್ರಾರ್ಥಿಸಿರಿ.